ತೆಳು ಚಿಪ್ಪಿನ ಮೊಟ್ಟೆಗೆ ತಾಯಿ ಕೋಳಿಯ ಮೈಟೋಕಾಂಡ್ರಿಯಾ ಕಾರಣವಾ?

ಎಲ್ಲಾ ಕೋಳಿಗೂ ಒಂದೇ ಫೀಡ್ ಹಾಕಿದರೂ ನಾಲ್ಕೈದು ಮಾತ್ರ ತೆಳು ಚಿಪ್ಪಿನ ಮೊಟ್ಟೆ ಇಡುತ್ತಿವೆ ಅಂದಿದ್ದೀರಿ. ಮೈಟೋಕಾಂಡ್ರಿಯಾ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಭಾಗ) ತಾಯಿಯಿಂದಲೇ ಬರುತ್ತದಲ್ವಾ, ಹಾಗಾದರೆ ಅವುಗಳ ಮರಿ ಸಾಕುವುದನ್ನೇ ಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಡಬೇಡಿ.

ತಾಯಿಯಿಂದ ಬರುತ್ತದೆ ಅನ್ನುವುದು ನಿಜ. ಆದರೆ ಮೈಟೋಕಾಂಡ್ರಿಯಾದ ಸ್ವಂತ ಡಿಎನ್‌ಎಯಲ್ಲಿ ಇರುವುದು 37 ಜೀನ್ ಮಾತ್ರ. ಅದರಲ್ಲಿ ಪ್ರೋಟೀನ್ ಮಾಡಿಸುವವು ಬರೀ 13. ಮೈಟೋಕಾಂಡ್ರಿಯಾದೊಳಗೆ ದುಡಿಯುವ ಉಳಿದ ನೂರಾರು ಪ್ರೋಟೀನ್‌ಗಳ ಜೀನ್ ಇರುವುದು ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ. ಅಲ್ಲಿ ಹುಂಜದ ಪಾಲೂ ಇದೆ. ಹೇಟೆಗಂತೂ ಝಡ್ ಕ್ರೋಮೋಸೋಮ್ (ಕೋಳಿಯ ಲಿಂಗ ನಿರ್ಧರಿಸುವ ಎರಡು ಬಗೆಯ ಕ್ರೋಮೋಸೋಮ್‌ಗಳಲ್ಲಿ ಒಂದು) ಬರುವುದೇ ಅಪ್ಪನಿಂದ.

ಚಿಪ್ಪಿನ ವಿಷಯವನ್ನೇ ನೋಡಿ. ಫೀಡ್‌ನಲ್ಲಿರುವ ವಿಟಮಿನ್ ಡಿ3 ಮೊದಲು ಲಿವರ್‌ನಲ್ಲಿ ಬದಲಾಗುತ್ತದೆ. ಆಮೇಲೆ ಕಿಡ್ನಿಯ ಮೈಟೋಕಾಂಡ್ರಿಯಾದಲ್ಲಿರುವ ಒಂದು ಎಂಜೈಮ್ ಅದಕ್ಕೆ ಕೊನೆಯ ರೂಪ ಕೊಡುತ್ತದೆ. ಆಗಲೇ ಕರುಳು ಕ್ಯಾಲ್ಸಿಯಂ ಚೆನ್ನಾಗಿ ಹೀರಿಕೊಳ್ಳುವುದು. ಕೆಲಸ ನಡೆಯುವುದು ಮೈಟೋಕಾಂಡ್ರಿಯಾದಲ್ಲಿ, ಆದರೆ ಆ ಎಂಜೈಮಿನ ಜೀನ್ ನ್ಯೂಕ್ಲಿಯಸ್‌ನದು! ನನಗೆ ಇದು ಗೊತ್ತಾದ ದಿನ ಬಹಳ ಖುಷಿಯಾಗಿತ್ತು.

ನೀವು ಮೊದಲು ನೋಡಬೇಕಾದ್ದು ಸಂಜೆಯ ಮೇವು. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟಲು 20 ಗಂಟೆ ಹಿಡಿಯುತ್ತದೆ, ಅದರಲ್ಲಿ ಜಾಸ್ತಿ ಕೆಲಸ ರಾತ್ರಿಯದು. ಆಗ ಹೊಟ್ಟೆ ಖಾಲಿ ಇದ್ದರೆ ಕೋಳಿ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ತೆಗೆಯುತ್ತದೆ. ಸುಣ್ಣಕಲ್ಲಿನ ಪುಡಿ ಬೇಗ ಮುಂದೆ ಹೋಗಿಬಿಡುತ್ತದೆ. 2-4 ಮಿಲಿಮೀಟರ್ ಗಾತ್ರದ ಸುಣ್ಣಕಲ್ಲಿನ ಚೂರು ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಕರಗುತ್ತದೆ.

ನಮ್ಮ ಹಿತ್ತಲಲ್ಲೂ ಒಂದು ಬೇಸಿಗೆ ಹೀಗೇ ಆಗಿತ್ತು. ಬೆಳಗ್ಗೆ ಮೊಟ್ಟೆ ಎತ್ತಿದರೆ ಬೆರಳಿಗೇ ಚಿಪ್ಪು ಕುಸಿಯುತ್ತಿತ್ತು, ಟಾರ್ಚ್ ಹಿಡಿದರೆ ಒಳಗಿನ ಹಳದಿ ಕಾಣುತ್ತಿತ್ತು. ಸಂಜೆ ಐದಕ್ಕೆ ಬೇರೆ ತಟ್ಟೆಯಲ್ಲಿ ಸುಣ್ಣಕಲ್ಲಿನ ಚೂರು ಇಟ್ಟೆ, ಮಧ್ಯಾಹ್ನ ನೆರಳು ಮಾಡಿದೆ. ಬಿಸಿಲಿಗೆ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟರೆ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಎರಡು ವಾರದಲ್ಲಿ ಎರಡು ಕೋಳಿ ಬಿಟ್ಟು ಉಳಿದವೆಲ್ಲಾ ಸರಿಹೋದವು. ಆ ಎರಡೂ ವಯಸ್ಸಾದವು. ವಯಸ್ಸಾದಂತೆ ಮೊಟ್ಟೆ ದೊಡ್ಡದಾಗುತ್ತದೆ, ಚಿಪ್ಪಿಗೆ ಸಿಗುವ ಕ್ಯಾಲ್ಸಿಯಂ ಅಷ್ಟು ಹೆಚ್ಚುವುದಿಲ್ಲ.

ನಿಮ್ಮ ಆ ನಾಲ್ಕೈದು ಕೋಳಿಗೆ ವಯಸ್ಸೆಷ್ಟು? ಅದನ್ನು ಹೇಳಿದರೆ ಮುಂದಿನದು ನೋಡೋಣ.