ಘಾಟ್ ಇಳಿಯುವಾಗಲೂ ಒಂದಿಷ್ಟು ರೇಸ್ ಕೊಡಿರಿ

ಓದುಗರ ಪ್ರಶ್ನೆ, ಗ್ಯಾರೇಜಿನ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಗಾಡಿಗಳವು. ಕೆಲವರದು ಮನೆಯಲ್ಲಿದ್ದ ಹಳೆಯ ಯಮಹಾ ಆರ್‌ಎಕ್ಸ್ ಅನ್ನು ಕಚ್ಚಾ ದಾರಿಗೆ ತಯಾರು ಮಾಡಿಕೊಂಡದ್ದು, ಒಬ್ಬರದು ಹೊರದೇಶದಿಂದ ತರಿಸಿದ ಅಸಲಿ ಎಂಡ್ಯೂರೋ, ಅಂದರೆ ಕಚ್ಚಾ ದಾರಿಗೆಂದೇ ಮಾಡಿದ ಗಾಡಿ. ಗಾಡಿ ಯಾವುದೇ ಇರಲಿ, ಒಳಗಿನ ಲೆಕ್ಕ ಒಂದೇ. ಬೆಳಗಾವಿ ಉದ್ಯಮಬಾಗದ ನನ್ನ ಗ್ಯಾರೇಜಿನಲ್ಲಿ ದಿನವೂ ಹೇಳುವ ಮಾತನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ.

ಪ್ರಶ್ನೆ: ನನ್ನದು 1994ರ ಆರ್‌ಎಕ್ಸ್ 100. ಗುಬುಟಿನ ಟೈರು, ಎತ್ತರದ ಹ್ಯಾಂಡಲ್ ಹಾಕಿಸಿದ್ದೇನೆ. ಆಯಿಲ್ ಪಂಪ್ ಕಿತ್ತು, ಪೆಟ್ರೋಲಿನಲ್ಲೇ 2ಟಿ (ಟೂ-ಸ್ಟ್ರೋಕ್) ಆಯಿಲ್ ಕೂಡಿಸುತ್ತೇನೆ. ಹೋದ ತಿಂಗಳು ಚೋರ್ಲಾ ಘಾಟ್ ಇಳಿಯುವಾಗ ಎಂಜಿನ್ ಒಮ್ಮೆಲೇ ಹಿಡಿದುಕೊಂಡು (ಪಿಸ್ಟನ್ ಸಿಲಿಂಡರಿನಲ್ಲಿ ಸಿಕ್ಕಿಕೊಂಡು) ಹಿಂದಿನ ಗಾಲಿ ಜಾರಿತು. ಆಯಿಲ್ ಕಡಿಮೆ ಬಿದ್ದಿದೆ ಎಂದು ಮೆಕ್ಯಾನಿಕ್ ಹೇಳಿದ. ಅಂದಿನಿಂದ ಲೀಟರಿಗೆ 60 ಮಿಲಿ ಹಾಕುತ್ತಿದ್ದೇನೆ. ಸರಿಯೇ? ಪಿಸ್ಟನ್ನಿನ ಫೋಟೊ ಜೊತೆಗಿದೆ.
- ಓದುಗ, ಖಾನಾಪುರ

ಉತ್ತರ: ಮೊದಲು ನಿಮ್ಮ ಫೋಟೊ ನೋಡೋಣ. ಸೈಲೆನ್ಸರ್ ಕಡೆಯ ಮೈಯಲ್ಲಿ ಮೇಲಿನಿಂದ ಕೆಳಗೆ ಉದ್ದಕ್ಕೆ ಗೀರು ಬಿದ್ದಿವೆ, ಅಲ್ಲಿ ಅಲ್ಯೂಮಿನಿಯಂ ಮೆತ್ತಿಕೊಂಡಿದೆ. ಕಾರ್ಬೊರೇಟರ್ ಕಡೆಯ ಮೈ ಮಾತ್ರ ಸ್ವಚ್ಛವಾಗಿದೆ. ತಣ್ಣಗಿದ್ದ ಎಂಜಿನ್ನಿಗೆ ಒಮ್ಮೆಲೇ ಜೋರು ರೇಸ್ ಕೊಟ್ಟು ಹಿಡಿದಿದ್ದರೆ ಸಾಮಾನ್ಯವಾಗಿ ಪಿಸ್ಟನ್ನಿನ ನಾಲ್ಕೂ ಕಡೆ ಗುರುತು ಬೀಳುತ್ತದೆ. ನಿಮ್ಮದು ಕಾವೇರಿದಾಗ, ಎಣ್ಣೆ ಸಿಗದೆ ಹಿಡಿದದ್ದು.

ಇದು ಘಾಟಿನಲ್ಲೇ ಯಾಕಾಯಿತು? ಫೋರ್-ಸ್ಟ್ರೋಕಿನಲ್ಲಿ ಎಣ್ಣೆ ಕೆಳಗಿನ ಚೇಂಬರಿನಲ್ಲಿ ನಿಂತಿರುತ್ತದೆ, ರೇಸ್ ಕೊಟ್ಟರೂ ಬಿಟ್ಟರೂ ಎಂಜಿನ್ನಿಗೆ ಅದರ ಪಾಲು ಸಿಗುತ್ತದೆ. ಪೆಟ್ರೋಲಿನಲ್ಲಿ ಆಯಿಲ್ ಕೂಡಿಸಿದ ಟೂ-ಸ್ಟ್ರೋಕಿಗೆ ಪೆಟ್ರೋಲಿನ ಜೊತೆ ಬಂದದ್ದೇ ಎಣ್ಣೆ. ಕಣಕುಂಬಿ ದಾಟಿ ಗೋವಾ ಕಡೆಗೆ ಇಳಿಯುವಾಗ ಏನು ಮಾಡುತ್ತೀರಿ? ರೇಸ್ ಪೂರ್ತಿ ಬಿಟ್ಟು, ಎರಡನೇ ಗೇರಿನಲ್ಲಿ ಗಾಡಿಯನ್ನು ಎಂಜಿನ್ ಮೇಲೆ ತಡೆದು ಇಳಿಯುತ್ತೀರಿ. ಗಾಲಿ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತಿರುತ್ತದೆ, ಆದರೆ ಕಾರ್ಬೊರೇಟರಿನ ಸ್ಲೈಡ್, ಅಂದರೆ ರೇಸಿನ ಬಾಗಿಲು, ಮುಚ್ಚಿಕೊಂಡಿರುತ್ತದೆ. ಪೈಲಟ್ ಜೆಟ್ ಎಂಬ ಸಣ್ಣ ತೂತಿನಿಂದ ಜಿನುಗುವ ಪೆಟ್ರೋಲಿನಲ್ಲಿ ಎಷ್ಟು ಎಣ್ಣೆ ಇದ್ದೀತು? ಘಾಟ್ ಉದ್ದಕ್ಕೂ ಪಿಸ್ಟನ್ ಹೆಚ್ಚುಕಡಿಮೆ ಒಣಗಿಯೇ ಓಡುತ್ತದೆ.

ಪಂಪ್ ಕಿತ್ತದ್ದರ ನಷ್ಟ ತಿಳಿಯುವುದು ಇಲ್ಲೇ. ಯಮಹಾದವರು ಕೊಟ್ಟ ಆಟೊಲೂಬ್ ಪಂಪ್ ಎಂಜಿನ್ ತಿರುಗಿದಷ್ಟೂ ತಾನೂ ತಿರುಗುತ್ತದೆ. ರೇಸ್ ಬಿಟ್ಟಾಗಲೂ ಕನಿಷ್ಠ ಎಣ್ಣೆಯನ್ನು ಒಳಗೆ ತಳ್ಳುತ್ತಲೇ ಇರುತ್ತದೆ. ಪಂಪ್ ಮೇಲೆ ಭರವಸೆ ಇಲ್ಲವೆಂದು ಅದನ್ನು ಕಿತ್ತು ಹಾಕುವ ರೂಢಿ ನಮ್ಮ ಕಡೆ ಬಹಳ. ನನಗದು ಒಪ್ಪಿಗೆಯಿಲ್ಲ. ಒಳ್ಳೆಯ ಪಂಪ್ ಸಿಕ್ಕರೆ ವಾಪಸ್ ಕೂಡ್ರಿಸಿರಿ, ಅದರ ಕೇಬಲ್ ಗುರುತಿಗೆ ಸರಿಯಾಗಿ ಹೊಂದಿಸಿರಿ, ಪೈಪಿನಲ್ಲಿ ಗಾಳಿಗುಳ್ಳೆ ಉಳಿಯದಂತೆ ಬ್ಲೀಡ್ ಮಾಡಿಸಿರಿ.

ಇನ್ನು 60 ಮಿಲಿಯ ಮಾತು. ಇದರಿಂದ ಒಂದು ಕಡೆ ರಕ್ಷಣೆ ಸಿಕ್ಕಂತೆ ಕಂಡರೂ ಇನ್ನೊಂದು ಕಡೆ ಹೊಡೆತ ಬೀಳುತ್ತದೆ. ಜೆಟ್ಟಿನ ತೂತು ಅಷ್ಟೇ ಇದೆ. ಅದರಲ್ಲಿ ಎಣ್ಣೆ ಹೆಚ್ಚು ಹರಿದರೆ ಪೆಟ್ರೋಲು ಕಡಿಮೆ ಹರಿಯುತ್ತದೆ. ಲೀಟರಿಗೆ 25 ಮಿಲಿ ಹಾಕಿದಾಗ ನೂರು ಭಾಗ ಮಿಶ್ರಣದಲ್ಲಿ ಪೆಟ್ರೋಲು ಸುಮಾರು 97.6 ಭಾಗ, 60 ಮಿಲಿ ಹಾಕಿದಾಗ 94.3. ಸಾಲದ್ದಕ್ಕೆ ಮಿಶ್ರಣ ದಪ್ಪಗಾಗಿ ಜೆಟ್ಟಿನಲ್ಲಿ ಹರಿಯುವುದೂ ನಿಧಾನ. ಪೆಟ್ರೋಲು ಕಡಿಮೆಯಾದರೆ ಎಂಜಿನ್ ಕಾವು ಏರುತ್ತದೆ. ಪ್ಲಗ್ ಕಟ್ಟುವುದು, ಸೈಲೆನ್ಸರಿನಲ್ಲಿ ಮಸಿ ತುಂಬುವುದು ಇವೆಲ್ಲ ಬೇರೆ. ಜಪಾನಿನ ಗುಣಮಟ್ಟದ ಗುರುತಾದ ಜಾಸೊ ಎಫ್‌ಸಿ ಅಥವಾ ಎಫ್‌ಡಿ ಎಂದು ಡಬ್ಬಿಯ ಮೇಲಿರುವ ಆಯಿಲ್ ತಂದು 40ಕ್ಕೆ 1ರಂತೆ, ಅಂದರೆ ಲೀಟರಿಗೆ 25 ಮಿಲಿ ಹಾಕಿರಿ. ಅಳತೆಗೆ ಔಷಧಿ ಅಂಗಡಿಯ ಸಿರಿಂಜ್ ತೆಗೆದುಕೊಳ್ಳಿರಿ. ಬಾಟಲಿ ಮುಚ್ಚಳದ ಅಂದಾಜು ಬೇಡ.

ಘಾಟ್ ಇಳಿಯುವ ರೀತಿ ಹೀಗಿರಲಿ. ವೇಗ ತಡೆಯುವ ಕೆಲಸ ಬ್ರೇಕುಗಳದು. ಟೂ-ಸ್ಟ್ರೋಕಿಗೆ ಎಂಜಿನ್ ಹಿಡಿತ ಮೊದಲೇ ಕಡಿಮೆ, ಅದನ್ನು ನಂಬಬಾರದು. ಮೇಲಿಂದ ಮೇಲೆ ಕ್ಲಚ್ ಹಿಡಿದು ಒಂದು ಚಿಟಿಕೆ ರೇಸ್ ಕೊಡಿರಿ. ಆ ಒಂದು ಗುಟುಕಿನ ಜೊತೆ ಎಣ್ಣೆಯೂ ಒಳಗೆ ಹೋಗುತ್ತದೆ. ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ಎಂಜಿನ್ ಹಿಡಿಯುವ ಮೊದಲು ಧ್ವನಿ ಬಿಗಿಯಾಗುತ್ತದೆ, ಯಾರೋ ಹಿಂದಿನಿಂದ ಜಗ್ಗಿದಂತೆ ಅನಿಸುತ್ತದೆ. ಆ ಕ್ಷಣ ಕ್ಲಚ್ ಒತ್ತಿದರೆ ಗಾಲಿ ಜಾರುವುದಿಲ್ಲ, ನೀವು ಉಳಿಯುತ್ತೀರಿ.

ಆರ್‌ಎಕ್ಸ್ ಬೋರ್ 50 ಮಿಮೀ, ಒಳಗಿನದು ಬೀಡುಕಬ್ಬಿಣದ ಲೈನರ್. ಗೀರು ಉಗುರಿಗೆ ಸಿಗುವಂತಿದ್ದರೆ ಬೋರ್ ಮಾಡಿಸಿ 0.25 ಅಥವಾ 0.50 ಮಿಮೀ ಓವರ್‌ಸೈಜ್ ಪಿಸ್ಟನ್ ಹಾಕಿಸಿರಿ. ಪಿಸ್ಟನ್ ಮೊದಲು ಕೊಂಡು, ಅದನ್ನು ಬೋರ್ ಮಾಡುವವರ ಕೈಗೇ ಕೊಡಿರಿ. ಪಿಸ್ಟನ್ ಅಳೆದ ಮೇಲೆಯೇ ಬೋರ್ ಆಗಬೇಕು.

ಪ್ರಶ್ನೆ: ಸ್ನೇಹಿತರಿಂದ 300 ಸಿಸಿಯ ಎಂಡ್ಯೂರೋ ಕೊಂಡೆ, ಕಾರ್ಬೊರೇಟರ್ ಇರುವ ಹಳೆಯ ಮಾದರಿ. ನಮ್ಮ ಹೊಲದಲ್ಲೇ ಓಡಿಸುತ್ತೇನೆ. ಕಾದ ಮೇಲೆ ರೇಸ್ ಬಿಟ್ಟರೂ ಎಂಜಿನ್ ಧ್ವನಿ ಇಳಿಯುವುದಿಲ್ಲ. ಒಮ್ಮೆಯಂತೂ ಕಿಲ್ ಸ್ವಿಚ್ ಒತ್ತಿದರೂ ನಿಲ್ಲಲಿಲ್ಲ. ಕಾರ್ಬೊರೇಟರ್ ಎರಡು ಸಲ ತೊಳೆಸಿದ್ದಾಯಿತು.
- ಓದುಗ, ಸಿಂದಗಿ

ಉತ್ತರ: ಕಾರ್ಬೊರೇಟರ್ ತೊಳೆಯುವುದನ್ನು ಸಾಕು ಮಾಡಿರಿ. ನಿಮ್ಮ ಎಂಜಿನ್ ಎಲ್ಲಿಂದಲೋ ಕಳ್ಳಗಾಳಿ ಎಳೆಯುತ್ತಿದೆ. ಟೂ-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರುವ ಕೆಳಗಿನ ಕೋಣೆಯೇ ಗಾಳಿ-ಪೆಟ್ರೋಲನ್ನು ಎಳೆದು ಮೇಲೆ ದೂಡುವ ಪಂಪ್. ಅದು ಪೂರ್ತಿ ಬಿಗಿಯಾಗಿರಬೇಕು. ಕೂದಲೆಳೆಯಷ್ಟು ಸಂದಿ ಬಿದ್ದರೂ ಒಳಗೆ ಗಾಳಿ ಹೆಚ್ಚಾಗಿ ಪೆಟ್ರೋಲು ಸಾಲದಾಗುತ್ತದೆ. ಸ್ವಿಚ್ ಒತ್ತಿದರೂ ನಿಲ್ಲದ್ದು ಒಳಗಿನ ಕಾವಿಗೆ ತಾನೇ ಉರಿದುಕೊಂಡದ್ದರಿಂದ. ಮುಂದೆ ಹಾಗಾದರೆ ಹೆದರಿ ಗಾಡಿ ಬಿಟ್ಟು ಓಡಬೇಡಿರಿ. ಚೋಕ್ ಎಳೆಯಿರಿ. ನಿಲ್ಲದಿದ್ದರೆ ಮೇಲಿನ ಗೇರಿಗೆ ಹಾಕಿ, ಎರಡೂ ಬ್ರೇಕ್ ಗಟ್ಟಿ ಹಿಡಿದು ಕ್ಲಚ್ ಬಿಡಿರಿ.

ಹುಡುಕುವುದು ಹೀಗೆ. ಎಂಜಿನ್ ನಿಧಾನಕ್ಕೆ ಓಡುವಾಗ ಕಾರ್ಬೊರೇಟರಿಗೂ ಸಿಲಿಂಡರಿಗೂ ನಡುವಿನ ರಬ್ಬರಿನ ಸುತ್ತ, ರೀಡ್ ಬ್ಲಾಕಿನ (ಒಳಬರುವ ಮಿಶ್ರಣದ ಒಮ್ಮುಖ ಕವಾಟ) ಸುತ್ತ, ಸಿಲಿಂಡರಿನ ಬುಡದಲ್ಲಿ ಸೋಪಿನ ನೀರು ಸಿಂಪಡಿಸಿರಿ. ಎಲ್ಲಿ ಬಿದ್ದಾಗ ಧ್ವನಿ ಬದಲಾಗುತ್ತದೋ ಅಲ್ಲಿ ಸಂದಿ ಇದೆ. ಪೆಟ್ರೋಲು ಸಿಂಪಡಿಸಿ ನೋಡುವವರಿದ್ದಾರೆ. ಕಾದ ಎಂಜಿನ್ ಮೇಲೆ ಅದು ಬೆಂಕಿಯ ಆಟ, ಬೇಡವೇ ಬೇಡ. ಹೊರಗೆ ಎಲ್ಲೂ ಸಿಗದಿದ್ದರೆ ಎಡಗಡೆ ಮ್ಯಾಗ್ನೆಟ್ ಹಿಂದಿನ ಆಯಿಲ್ ಸೀಲ್ ಮೇಲೆ ಅನುಮಾನ ಪಡಿರಿ. ಕವರ್ ಬಿಚ್ಚಿದಾಗ ಅಲ್ಲಿ ಎಣ್ಣೆಯ ಪಸೆ ಕಂಡರೆ ಆ ಸೀಲೇ ಹೋಗಿದೆ. ಖಾತ್ರಿ ಬೇಕಿದ್ದರೆ ಸೈಲೆನ್ಸರ್ ಬಾಯಿ, ಕಾರ್ಬೊರೇಟರ್ ಬಾಯಿ ಎರಡನ್ನೂ ರಬ್ಬರಿನಿಂದ ಮುಚ್ಚಿಸಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಗಾಳಿ ತುಂಬಿಸಿರಿ. ಐದಾರು ನಿಮಿಷ ಪಂಪಿನ ಮೀಟರಿನ ಮುಳ್ಳು ಕದಲದಿದ್ದರೆ ಎಂಜಿನ್ ಬಿಗಿ ಇದೆ. ಅದಕ್ಕಿಂತ ಹೆಚ್ಚು ಒತ್ತಡ ಹಾಕಿದರೆ ಚೆನ್ನಾಗಿದ್ದ ಸೀಲೂ ಹೊರಗೆ ಬಂದೀತು.

ಬಲಗಡೆಯ ಸೀಲ್ ಹೋದರೆ ಲಕ್ಷಣವೇ ಬೇರೆ. ಕ್ಲಚ್ ಕಡೆಯ ಗೇರ್ ಆಯಿಲ್ಲನ್ನು ಎಂಜಿನ್ ಕುಡಿಯುತ್ತದೆ. ಬೆಳ್ಳಗಿನ ದಟ್ಟ ಹೊಗೆ, ಬೇರೆಯೇ ವಾಸನೆ, ಹೊರಗೆ ಒಂದು ಹನಿ ಸೋರದೆ ಗೇರ್ ಆಯಿಲ್ ಮಾತ್ರ ಇಳಿಯುತ್ತಾ ಹೋಗುತ್ತದೆ. ಬಿಚ್ಚಿದ ಮೇಲೆ ಎರಡೂ ಕಡೆಯ ಸೀಲ್ ಒಟ್ಟಿಗೇ ಬದಲಿಸಿರಿ.

ಸೀಲ್ ಸರಿಹೋಗುವವರೆಗೆ ಗಾಡಿ ಚಾಲೂ ಮಾಡಬೇಡಿರಿ. ನಿಮ್ಮ ಸಿಲಿಂಡರಿನ ಒಳಮೈಗೆ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪವಿದೆ, ಆರ್‌ಎಕ್ಸಿನಂತೆ ಬೋರ್ ಮಾಡಿಸಿ ಉಳಿಸಲಾಗದು. ಮತ್ತೆ ಲೇಪ ಹಾಕಿಸಬೇಕು, ಇಲ್ಲವೇ ಹೊಸ ಸಿಲಿಂಡರ್ ತರಬೇಕು. ಹೊಲದಲ್ಲೇ ಓಡಿಸುತ್ತೇನೆ ಎಂದಿದ್ದೀರಿ, ಬಹಳ ಸಂತೋಷ. ನೋಂದಣಿ ಇಲ್ಲದ ಗಾಡಿಯನ್ನು ಊರ ರಸ್ತೆಗೆ ತರಬಾರದು. ಬೆಳಗಾವಿ ಕಡೆಯ ಹುಡುಗರಿಗೂ ಇಲ್ಲೇ ಹೇಳಿಬಿಡುತ್ತೇನೆ: ಭೀಮಗಡ ವನ್ಯಜೀವಿ ಧಾಮದ ಕಾಡುದಾರಿ ನಮ್ಮ ಆಟದ ಮೈದಾನವಲ್ಲ.

ಪ್ರಶ್ನೆ: ಏರ್ ಫಿಲ್ಟರ್ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?
- ಓದುಗ, ಹುನಗುಂದ

ಉತ್ತರ: ದಿನದ ಲೆಕ್ಕ ಬಿಡಿರಿ, ಧೂಳಿನ ಲೆಕ್ಕ ಹಿಡಿಯಿರಿ. ಬೇಸಿಗೆಯಲ್ಲಿ ನಿಮ್ಮ ಕಡೆಯ ಎರೆಹೊಲದ ಗಾಡಿದಾರಿಯಲ್ಲಿ ಮುಂದೊಂದು ಟ್ರ್ಯಾಕ್ಟರ್ ಇದ್ದರೆ ಒಂದೇ ದಿನಕ್ಕೆ ಸ್ಪಂಜು ತುಂಬುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿರಿ, ತಿರುಚಬೇಡಿರಿ. ಪೆಟ್ರೋಲಿನಲ್ಲಿ ತೊಳೆದರೆ ಸ್ಪಂಜಿನ ಅಂಟು ಬಿಡುತ್ತದೆ. ಆಮೇಲೆ ಸೋಪಿನ ನೀರು, ನೆರಳಿನಲ್ಲಿ ಒಣಗಿಸುವುದು, ಫಿಲ್ಟರ್ ಆಯಿಲ್ ಹಚ್ಚಿ ಹೆಚ್ಚಿನದನ್ನು ಹಿಂಡಿ ತೆಗೆಯುವುದು. ಫಿಲ್ಟರ್ ಕೂಡುವ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿರಿ. ಫಿಲ್ಟರ್ ತೆಗೆದಾಗ ಕಾರ್ಬೊರೇಟರ್ ಕಡೆಯ ರಬ್ಬರಿನೊಳಗೆ ಬೆರಳಾಡಿಸಿರಿ. ಬೆರಳಿಗೆ ಮಣ್ಣು ಹತ್ತಿದರೆ ಧೂಳು ಆಗಲೇ ಒಳಗೆ ಹೋಗಿದೆ, ಪಿಸ್ಟನ್ ರಿಂಗ್ ನೋಡಿಸಿರಿ.

ಪ್ರಶ್ನೆ: ಹಳ್ಳ ದಾಟುವಾಗ ಗಾಡಿ ಉರುಳಿ ಪೂರ್ತಿ ಮುಳುಗಿತು. ಕಿಕ್ ಹೊಡೆದು ಹೊಡೆದು ಸಾಕಾಯಿತು.
- ಓದುಗ, ಗೋಕಾಕ

ಉತ್ತರ: ಮುಳುಗಿದ ಗಾಡಿಗೆ ಮೊದಲು ಕಿಕ್ ಹೊಡೆಯಲೇಬಾರದು. ಪೆಟ್ರೋಲ್ ಕಾಕ್ ಮುಚ್ಚಿ ಪ್ಲಗ್ ಬಿಚ್ಚಿರಿ. ಇಬ್ಬರು ಹಿಡಿದು ಮುಂದಿನ ಗಾಲಿ ಎತ್ತಿ ಹಿಂದಿನ ಗಾಲಿಯ ಮೇಲೆ ನಿಲ್ಲಿಸಿದರೆ ಸೈಲೆನ್ಸರಿನ ನೀರು ಇಳಿಯುತ್ತದೆ. ಫಿಲ್ಟರ್ ತೆಗೆದು ಹಿಂಡಿರಿ, ಕಾರ್ಬೊರೇಟರಿನ ಬಟ್ಟಲು ಖಾಲಿ ಮಾಡಿರಿ. ಆಮೇಲೆ ಪ್ಲಗ್ ಇಲ್ಲದೆ, ತೂತಿಗೆ ಮುಖ ಕೊಡದೆ, ನೀರು ಚಿಮ್ಮುವುದು ನಿಲ್ಲುವವರೆಗೆ ಕಿಕ್ ಹೊಡೆಯಿರಿ. ತೂತಿನಲ್ಲಿ ಒಂದೆರಡು ಚಮಚ 2ಟಿ ಆಯಿಲ್ ಬಿಟ್ಟು, ಒಣ ಪ್ಲಗ್ ಹಾಕಿರಿ. ಗೇರ್ ಆಯಿಲ್ ಹಾಲು ಹಾಕಿದ ಚಹಾದಂತೆ ಕಂಡರೆ ಅಂದೇ ಬದಲಿಸಿರಿ. ಮನೆಗೆ ತಂದು ನಾಳೆ ನೋಡೋಣ ಎಂದು ಬಿಟ್ಟರೆ ಕ್ರ್ಯಾಂಕ್ ಬೇರಿಂಗಿಗೆ ತುಕ್ಕು ಹತ್ತುತ್ತದೆ, ಆಗ ಹಾಫ್ ಎಂಜಿನ್ನಿಗೆ (ಮೇಲಿನ ಸಿಲಿಂಡರ್-ಪಿಸ್ಟನ್ ಅಷ್ಟೇ ಬಿಚ್ಚುವುದಕ್ಕೆ) ಮುಗಿಯದೆ ಫುಲ್ ಎಂಜಿನ್ ಬಿಚ್ಚಬೇಕು.

ಪ್ರಶ್ನೆ: ಎಥನಾಲ್ ಪೆಟ್ರೋಲಿನಿಂದ ಹಳೆಯ ಟೂ-ಸ್ಟ್ರೋಕ್ ಹಾಳಾಗುತ್ತದೆಯೇ?
- ಓದುಗ, ಮುಧೋಳ

ಉತ್ತರ: ಆ ಎಥನಾಲ್ ನಿಮ್ಮ ಸುತ್ತಲಿನ ಕಬ್ಬಿನದೂ ಹೌದು, ದ್ವೇಷ ಬೇಡ. ಆದರೆ ಲಕ್ಷ್ಯ ಬೇಕು. ಇ20ರಲ್ಲಿ ಶೇ. 20 ಎಥನಾಲ್. ಅದರಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿಗೆ ಪೆಟ್ರೋಲು ಸಾಲದಾಗುತ್ತದೆ. ಪ್ಲಗ್ ಕಂದು ಬಣ್ಣ ಬಿಟ್ಟು ಬೆಳ್ಳಗಾಗಿದ್ದರೆ ಮೇನ್ ಜೆಟ್ ಒಂದು ಸೈಜ್ ಏರಿಸಿ ನೋಡಿರಿ. ಎಥನಾಲ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಆಯಿಲ್ ಕೂಡಿಸಿದ ಪೆಟ್ರೋಲನ್ನು ವಾರಗಟ್ಟಲೆ ಇಡಬೇಡಿರಿ. ಗಾಡಿ ಬಹಳ ದಿನ ನಿಲ್ಲುವುದಿದ್ದರೆ ಕಾರ್ಬೊರೇಟರ್ ಖಾಲಿ ಮಾಡಿ ನಿಲ್ಲಿಸಿರಿ. ಹಳೆಯ ಪೈಪು, ರಬ್ಬರ್ ರಿಂಗುಗಳು ಮೆತ್ತಗಾಗಿವೆಯೇ ಎಂದು ಮುಟ್ಟಿ ನೋಡಿರಿ.

ಪ್ರಶ್ನೆ: ಅಪ್ಪನ ಆರ್‌ಎಕ್ಸ್ 135 ಕಲಿಯುತ್ತಿದ್ದೇನೆ. ಊರಿನಾಚೆ ಗರಸಿನ ದಿಬ್ಬ ಏರುವಾಗ ಮೊದಲು ಬಂದ್ ಬೀಳುತ್ತದೆ, ರೇಸ್ ಕೊಟ್ಟರೆ ಒಮ್ಮೆಲೇ ಜಿಗಿದು ಮುಂದಿನ ಗಾಲಿ ಏಳುತ್ತದೆ.
- ಓದುಗಳು, ಗುಳೇದಗುಡ್ಡ

ಉತ್ತರ: ತಂಗೀ, ಅದು ನಿನ್ನ ಕೈಯ ದೋಷವಲ್ಲ, ಎಂಜಿನ್ನಿನ ಗುಣ. ಕೆಳಗೆ ಶಕ್ತಿ ತೆಳು, ಸುತ್ತು ಏರಿದೊಡನೆ ಒಟ್ಟಿಗೇ ಬರುತ್ತದೆ. ಒಂದನೇ ಗೇರ್ ಬಿಟ್ಟು ಎರಡರಲ್ಲಿ ಏರು. ದಿಬ್ಬದ ಬುಡಕ್ಕೆ ಬರುವಾಗಲೇ ಎಂಜಿನ್ ಹಾಡುತ್ತಿರಬೇಕು, ನಡುವೆ ಬಂದು ರೇಸ್ ಹುಡುಕಬಾರದು. ಫುಟ್‌ರೆಸ್ಟ್ ಮೇಲೆ ಎದ್ದು ನಿಂತು ಎದೆಯನ್ನು ಹ್ಯಾಂಡಲ್ ಕಡೆ ಬಾಗಿಸಿದರೆ ಮುಂದಿನ ಗಾಲಿ ನೆಲ ಬಿಡದು. ಧ್ವನಿ ಇಳಿಯತೊಡಗಿದರೆ ರೇಸ್ ಹಾಗೇ ಇರಲಿ, ಕ್ಲಚ್ ಅನ್ನು ಬೆರಳಿನಿಂದ ತುಸು ಒತ್ತಿ ಬಿಡು. ಎಂಜಿನ್ ಮತ್ತೆ ಸುತ್ತು ಹಿಡಿಯುತ್ತದೆ.

ನಡುವೆ ನಿಂತೇಬಿಟ್ಟರೆ ಮುಂದಿನ ಬ್ರೇಕ್ ಒಂದೇ ಹಿಡಿಯಬೇಡ, ಗಾಡಿ ಹಿಂದಕ್ಕೆ ಜಾರುತ್ತದೆ. ಎಂಜಿನ್ ಬಂದ್ ಮಾಡಿ ಗೇರಿನಲ್ಲೇ ಬಿಟ್ಟು, ದಿಬ್ಬದ ಮೇಲ್ಮಗ್ಗುಲಿಗೆ ಇಳಿದು ನಿಲ್ಲು. ಗಾಡಿ ಉರುಳಿದರೂ ನಿನ್ನ ಮೇಲೆ ಬೀಳದು. ಮೆಲ್ಲಗೆ ಅಡ್ಡ ತಿರುಗಿಸಿಕೊಂಡು ಇಳಿಯುವಾಗ ಖಾನಾಪುರದವರಿಗೆ ಮೇಲೆ ಬರೆದದ್ದನ್ನು ಒಮ್ಮೆ ಓದಿಕೋ. ಪೂರಾ ಹೆಲ್ಮೆಟ್, ಮೊಣಕಾಲಿನ ಗಾರ್ಡು, ಮೀನಗಂಡದವರೆಗೆ ಬರುವ ಬೂಟು ಇಲ್ಲದೆ ದಿಬ್ಬಕ್ಕೆ ಹೋಗಬೇಡ, ಒಬ್ಬಳೇ ಹೋಗಬೇಡ. ಅಪ್ಪನಿಗೆ ಹೇಳಿ ಹಿಂದಿನ ಚೈನಿನ ಸಡಿಲು ನೋಡಿಸು: ನೀನು ಸೀಟಿನ ಮೇಲೆ ಕೂತಾಗ ಚೈನ್ ಬಿಗಿದ ತಂತಿಯಾದರೆ ಗೇರ್‌ಬಾಕ್ಸಿನ ಬೇರಿಂಗ್ ಸವೆಯುತ್ತದೆ.