ತಂತಿ ತಕರಾರು: ಓದುಗರ ಪ್ರಶ್ನೆ, ಗಿಟಾರ್ ಮೇಷ್ಟ್ರ ಉತ್ತರ

ಪ್ರಶ್ನೆ: ನಾನು ಹಾವೇರಿ ಕಡೆಯವನು, ಬೆಂಗಳೂರಿನಲ್ಲಿ ಕೆಲಸ. ಮನೆ ಹತ್ತಿರದ ಕೆಫೆಯಲ್ಲಿ ಭಾನುವಾರ ಓಪನ್ ಮೈಕ್ ಇರುತ್ತದೆ, ಯಾರು ಬೇಕಾದರೂ ಹಾಡಬಹುದು. ಸಿ. ಅಶ್ವತ್ಥ್ ಹಾಡಿರುವ ಶಿಶುನಾಳ ಶರೀಫರ ಪದವೊಂದು ಅಂದ್ರೆ ನನಗೆ ಪ್ರಾಣ. ಗಿಟಾರ್ ಹಿಡಿದು ಅದನ್ನೇ ಹಾಡುವ ಆಸೆ. ಪಲ್ಲವಿ ಚೆನ್ನಾಗಿ ಬರುತ್ತದೆ, ಚರಣಕ್ಕೆ ಹೋದರೆ ಗಂಟಲು ಕಟ್ಟುತ್ತದೆ. ಅಭ್ಯಾಸ ಸಾಲದಾ ಸಾರ್?
— ಓದುಗ, ವಿಜಯನಗರ

ಉತ್ತರ: ಅಭ್ಯಾಸ ಸಾಕು, ಶ್ರುತಿ ಜಾಸ್ತಿಯಾಗಿದೆ. ರೆಕಾರ್ಡಿಂಗ್ ಹಾಕಿಕೊಂಡು ಅದೇ ಶ್ರುತಿಯಲ್ಲಿ ಕಲಿತಿದ್ದೀರಿ, ಅಲ್ವಾ? ಅಶ್ವತ್ಥ್ ಅವರ ಕಂಠ ಮೇಲಿನ ಸ್ಥಾಯಿಗೆ ಹೋಗಿ ಅಲ್ಲೇ ಆರಾಮಾಗಿ ನಿಲ್ಲುತ್ತಿತ್ತು. ನಿಮಗೂ ನನಗೂ ಅದು ಯಾಕೆ ಬೇಕು? ನಾನು ಗಣೇಶನ ಪೆಂಡಾಲ್ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸಿ ಬಂದವನು. ಅಲ್ಲಿ ಒಳ್ಳೊಳ್ಳೆ ಗಾಯಕರೇ ಸ್ಟೇಜ್ ಹತ್ತುವ ಮುಂಚೆ ಬಂದು, "ಸಾರ್, ಇವತ್ತು ಒಂದು ಇಳಿಸಿ" ಅನ್ನುತ್ತಿದ್ದರು. ಅದರಲ್ಲಿ ನಾಚಿಕೆ ಏನೂ ಇರಲಿಲ್ಲ.

ಪಲ್ಲವಿ ಹಾಡಿ ಶ್ರುತಿ ಹುಡುಕಬೇಡಿ. ಚರಣದಲ್ಲಿ ಎಲ್ಲಕ್ಕಿಂತ ಮೇಲೆ ಹೋಗುವ ಅಕ್ಷರ ಯಾವುದು ನೋಡಿ, ಅಲ್ಲಿಂದ ಶುರು ಮಾಡಿ. ಗದ್ದ ಮೇಲೆತ್ತದೆ, ಕಣ್ಣು ಕಿವುಚದೆ ಅದನ್ನು ಗಟ್ಟಿಯಾಗಿ ಹಾಡಲು ಆಗಬೇಕು. ಆಗಲಿಲ್ಲವಾ, ಒಂದು ಫ್ರೆಟ್‌ನಷ್ಟು (ಗಿಟಾರ್ ಕತ್ತಿನ ಒಂದು ಮನೆ, ಅಂದರೆ ಅರ್ಧ ಸ್ವರ) ಇಳಿಸಿ, ಮತ್ತೆ ನೋಡಿ. ಕ್ಯಾಪೊ, ಅಂದರೆ ಒಂದು ಫ್ರೆಟ್‌ನಲ್ಲಿ ಎಲ್ಲ ತಂತಿಗಳನ್ನೂ ಒತ್ತಿ ಹಿಡಿಯುವ ಕ್ಲಿಪ್, ಶ್ರುತಿ ಏರಿಸುತ್ತದೆ, ಇಳಿಸುವುದಿಲ್ಲ. ಹಾಗಾಗಿ ಇಳಿಸಲು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯುವ ರೀತಿಯನ್ನೇ ಬದಲಿಸಬೇಕು. ಈಗ ಮೊದಲ ಫ್ರೆಟ್‌ಗೆ ಕ್ಯಾಪೊ ಹಾಕಿ ಡಿ ಕಾರ್ಡ್ ಹಿಡಿಯುತ್ತಿದ್ದೀರಿ ಅಂದುಕೊಳ್ಳಿ, ಅದು ಡಿ ಶಾರ್ಪ್. ಕ್ಯಾಪೊ ಮೂರನೇ ಫ್ರೆಟ್‌ಗೆ ಹಾಕಿ ಎ ಹಿಡಿದರೆ ಸಿ. ಮೂರು ಫ್ರೆಟ್ ಇಳಿದಂತಾಯಿತು.

ಇನ್ನೊಂದು ದಾರಿ ಇದೆ, ತತ್ವಪದಕ್ಕೆ ನನಗೆ ಅದೇ ಇಷ್ಟ. ದಪ್ಪ ತಂತಿಯನ್ನು, ಅಂದರೆ ಆರನೆಯದನ್ನು, ಇ ಯಿಂದ ಡಿ ಗೆ ಇಳಿಸಿ. ಈಗ 6, 5, 4ನೇ ತಂತಿಗಳು ಡಿ, ಎ, ಡಿ. ಅಂದರೆ ಸ, ಪ, ಸ. ಹೆಬ್ಬೆರಳಿನಲ್ಲಿ ಆ ಮೂರನ್ನೇ ಮೀಟುತ್ತಾ ಹೋದರೆ ನಿಮ್ಮೂರ ಭಜನೆಯ ಏಕತಾರಿ ಕೈಯಲ್ಲೇ ಬಂದಂತೆ. ಡಿ ಶ್ರುತಿಯೂ ಮೇಲಾಯಿತು ಅಂದರೆ ಆರೂ ತಂತಿಯನ್ನು ಇನ್ನೆರಡು ಫ್ರೆಟ್‌ನಷ್ಟು ಸಡಿಲಿಸಿ. ತಂತಿ ಜುಯ್ ಅನ್ನತೊಡಗಿದರೆ ಇನ್ನೂ ದಪ್ಪನೆಯ ತಂತಿಗಳ ಸೆಟ್ ಹಾಕಿಸಿ. ಇಷ್ಟಾದ ಮೇಲೆ ರಾಶಿ ಕಾರ್ಡ್ ಬೇಡ. ಮಾತು ಮಾತಿಗೂ ಒಂದು ಮೈನರ್ ಸೆವೆಂತ್ ತುರುಕುವವರನ್ನು ಕಂಡರೆ ನನಗಾಗುವುದಿಲ್ಲ. ಪದ ಕೇಳಿಸಬೇಕು ಮಾರಾಯ್ರೇ, ನಿಮ್ಮ ಬೆರಳಲ್ಲ.

ಪ್ರಶ್ನೆ: ಭಾವಗೀತೆಯ ಧಾಟಿ ಸ್ವಲ್ಪ ಬದಲಿಸಿ ಹಾಡಿದೆ. ಕೇಳುತ್ತಿದ್ದ ಹಿರಿಯರೊಬ್ಬರು "ಇದು ಅಪಚಾರ" ಅಂದರು. ಕಾಪಿರೈಟ್ ತೊಂದರೆಯೂ ಬರುತ್ತದಂತೆ, ಹೌದಾ?
— ಓದುಗಳು, ಮೈಸೂರು

ಉತ್ತರ: ಎರಡೂ ಬೇರೆ ಬೇರೆ ವಿಷಯ. ಕಾನೂನು ಮೊದಲು ನೋಡೋಣ. ನಮ್ಮಲ್ಲಿ ಕವಿ ತೀರಿಕೊಂಡ ಮೇಲೂ 60 ವರ್ಷ ಸಾಹಿತ್ಯಕ್ಕೆ ಹಕ್ಕು ಇರುತ್ತದೆ. ಶರೀಫರು ತೀರಿಕೊಂಡಿದ್ದು 1889ರಲ್ಲಿ, ಅವರ ಪದ ಯಾರು ಬೇಕಾದರೂ ಹಾಡಬಹುದು. ಬೇಂದ್ರೆ 1981ರಲ್ಲಿ, ಕುವೆಂಪು 1994ರಲ್ಲಿ ತೀರಿಕೊಂಡರು. ಅವರ ಕವಿತೆಗಳಿಗೆ ಹಕ್ಕು ಇನ್ನೂ ಇದೆ. ಧಾಟಿಯ ಲೆಕ್ಕವೇ ಬೇರೆ. ಪದ ಶರೀಫರದೇ ಆದರೂ ಅಶ್ವತ್ಥ್ ಹಾಕಿದ ಸಂಗೀತ ಹಳೆಯ ಪದದಷ್ಟು ಹಳೆಯದಲ್ಲ. ಓಪನ್ ಮೈಕ್‌ನಲ್ಲಿ ಲೈಸೆನ್ಸ್ ವಿಚಾರ ನೋಡಿಕೊಳ್ಳುವುದು ಸಾಮಾನ್ಯವಾಗಿ ಜಾಗದವರು ಅಥವಾ ಆಯೋಜಕರು. ಅದಕ್ಕೆಂದೇ, ಹಕ್ಕಿನವರ ಪರವಾಗಿ ಲೈಸೆನ್ಸ್ ಕೊಡುವ ಐ.ಪಿ.ಆರ್.ಎಸ್. (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಎಂಬ ಸಂಸ್ಥೆ 1969ರಿಂದ ಇದೆ. ನೀವು ಒಂದು ಮಾತು ಕೇಳಿಡಿ, ಸಾಕು. ಯೂಟ್ಯೂಬ್‌ಗೆ ಹಾಕಿದರೆ ಮಾತ್ರ ಹಕ್ಕಿನವರ ಕ್ಲೇಮ್ ಬರಬಹುದು, ಜಾಹೀರಾತಿನ ದುಡ್ಡು ಅವರಿಗೆ ಹೋಗಬಹುದು.

ಇನ್ನು ಅಪಚಾರ. ರಘು ದೀಕ್ಷಿತ್ ಶರೀಫರ ಪದಗಳನ್ನು ಬ್ಯಾಂಡ್ ಕಟ್ಟಿಕೊಂಡು ತಮ್ಮದೇ ಧಾಟಿಯಲ್ಲಿ ಹಾಡಿದರು, ಹುಡುಗರು ಅದನ್ನೇ ಕಾಲೇಜಿನಲ್ಲಿ ಹಾಡಿಕೊಂಡು ತಿರುಗಿದರು. ಧಾರವಾಡ, ಹಾವೇರಿ ಕಡೆ ಭಜನಾ ಮೇಳಗಳು ದಮ್ಮಡಿ ಬಡಿದು ಇನ್ನೊಂದು ಥರ ಹಾಡುತ್ತವೆ. ಆದರೆ ಹಾಡುವ ಮುಂಚೆ ಕವಿ ಯಾರು, ಸಂಗೀತ ಯಾರದು, ನೀವೇನು ಬದಲಿಸಿದ್ದೀರಿ ಅಂತ ಒಂದೇ ಉಸಿರಲ್ಲಿ ಹೇಳಿಬಿಡಿ. ಆ ಹಿರಿಯರಿಗೂ ಅರ್ಧ ಸಮಾಧಾನ ಆಗುತ್ತದೆ. ಸಾಹಿತ್ಯ ಮಾತ್ರ ಮುಟ್ಟಬೇಡಿ. ಚರಣ ಹಾರಿಸುವುದು, "ಲಾ ಲಾ" ಅಂತ ತುಂಬಿಸುವುದು ನಾನೂ ಒಪ್ಪುವುದಿಲ್ಲ.

ಪ್ರಶ್ನೆ: ಗಿಟಾರ್ ಜ್ಯಾಕ್ ಹಾಕಿದ ಕೂಡಲೇ ಸ್ಪೀಕರ್ ಕುಯ್ ಅನ್ನುತ್ತದೆ. ಏನು ಮಾಡಲಿ?
— ಓದುಗ, ತುಮಕೂರು

ಉತ್ತರ: ಸ್ಪೀಕರ್‌ಗೆ ಎದುರಾಗಿ ನಿಲ್ಲಬೇಡಿ, ಪಕ್ಕಕ್ಕೆ ಸರಿಯಿರಿ. ಗಿಟಾರಿನ ತೂತಿಗೆ ರಬ್ಬರ್ ಮುಚ್ಚಳ ಸಿಗುತ್ತದೆ, ಹಾಕಿ. ಆಮೇಲೂ ಕೂಗಿದರೆ ಬೇಸ್ ಕಡಿಮೆ ಮಾಡಿಸಿ. ಜ್ಯಾಕ್ ಸಿಕ್ಕಿಸುವಾಗ, ತೆಗೆಯುವಾಗ ಸೌಂಡ್ ಹುಡುಗನಿಗೆ "ಮ್ಯೂಟ್ ಮಾಡಪ್ಪ" ಅನ್ನಿ. ಇಲ್ಲದಿದ್ದರೆ ಪಟ್ ಅಂತ ಸದ್ದಾಗಿ ಮುಂದಿನ ಟೇಬಲ್‌ನವರ ಕಾಫಿ ಚೆಲ್ಲೀತು.