ಸಾರ್ವಜನಿಕ ಆರೋಗ್ಯಕ್ಕಾಗಿ ಒಬ್ಬರ ಸ್ವಾತಂತ್ರ್ಯಕ್ಕೆ ಕೈಹಾಕುವುದು ಯಾವಾಗ ನ್ಯಾಯ?

ಕ್ವಾರಂಟೈನ್, ಕಡ್ಡಾಯ ಲಸಿಕೆಯಂಥ ಕ್ರಮಗಳಿಗೆ ‘ಬಹುಜನರ ಹಿತ’ ಎಂಬ ಕಾರಣ ಸಾಕೇ ಎಂದು ಕೇಳಿದ್ದೀರಿ. ಸಾಲದು. ಅದೊಂದನ್ನೇ ಒಪ್ಪಿಕೊಂಡರೆ ಆ ವಾದಕ್ಕೆ ಎಲ್ಲೆಯೇ ಇರುವುದಿಲ್ಲ. 1905ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜೇಕಬ್‌ಸನ್ ಪ್ರಕರಣದಲ್ಲಿ ಸಿಡುಬಿನ ಕಡ್ಡಾಯ ಲಸಿಕೆಯನ್ನು ಎತ್ತಿಹಿಡಿಯಿತು. ಆಗ ಸಿಡುಬು ಊರಿನಲ್ಲಿ ಹರಡುತ್ತಿತ್ತು, ನಿರಾಕರಿಸಿದವರಿಗೆ ಇದ್ದ ಶಿಕ್ಷೆ 5 ಡಾಲರ್ ದಂಡ. ಆದರೆ 1927ರಲ್ಲಿ ಅದೇ ಕೋರ್ಟು ಇದೇ ತೀರ್ಪನ್ನು ಆಧಾರವಾಗಿಟ್ಟುಕೊಂಡು, ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಕಾನೂನಿಗೂ ಒಪ್ಪಿಗೆ ಕೊಟ್ಟಿತು. ಅಲ್ಲಿ ಯಾರಿಂದ ಯಾರಿಗೂ ಸೋಂಕು ತಗಲುವ ಮಾತೇ ಇರಲಿಲ್ಲ, ದೇಹಕ್ಕೆ ಆದ ಹಾನಿ ಮಾತ್ರ ಶಾಶ್ವತ.

ಹಾಗಾಗಿ ಮೊದಲು ನೋಡಬೇಕಾದ್ದು: ಇವರನ್ನು ಅವರ ಪಾಡಿಗೆ ಬಿಟ್ಟರೆ ಬೇರೆಯವರಿಗೆ ನಿಜವಾಗಿ ಹಾನಿಯಾಗುತ್ತದೆಯೇ, ಎಷ್ಟು? ದಡಾರದಲ್ಲಿ ಈ ಲೆಕ್ಕ ಸ್ಪಷ್ಟವಾಗಿದೆ. ರೋಗನಿರೋಧಕ ಶಕ್ತಿ ಇಲ್ಲದ ಜನರ ನಡುವೆ ಒಬ್ಬ ರೋಗಿಯಿಂದ ಸರಾಸರಿ 12ರಿಂದ 18 ಮಂದಿಗೆ ಸೋಂಕು ಹರಡಬಹುದು. 15 ಎಂದಿಟ್ಟುಕೊಳ್ಳಿ. ಹದಿನೈದರಲ್ಲಿ ಹದಿನಾಲ್ಕು ಜನರಿಗೆ, ಅಂದರೆ ಸುಮಾರು 93 ಶೇಕಡಾ ಜನರಿಗೆ, ರಕ್ಷಣೆ ಇದ್ದರಷ್ಟೇ ಸರಪಳಿ ತುಂಡಾಗುತ್ತದೆ. ಲಸಿಕೆ ಹಾಕಿಸಲಾಗದಷ್ಟು ಎಳೆಯ ಕೂಸುಗಳು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಉಳಿದವರ ರಕ್ಷಣೆಯನ್ನೇ ನಂಬಿರುತ್ತಾರೆ. ಇಲ್ಲಿ ಕಡ್ಡಾಯಕ್ಕೆ ಬಲವಾದ ನೆಲೆಯಿದೆ. ಧನುರ್ವಾಯು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಅದರ ಲಸಿಕೆ ಬಹಳ ಒಳ್ಳೆಯದೇ, ಆದರೆ ವಯಸ್ಕರ ಮೇಲೆ ಅದನ್ನು ಹೇರಲು ಈ ವಾದ ಒದಗುವುದಿಲ್ಲ. ಸೀಟ್‌ಬೆಲ್ಟ್, ಹೆಲ್ಮೆಟ್ ನಿಯಮಗಳ ಸಮರ್ಥನೆಯೂ ಬೇರೆ: ತೊಂದರೆ ತೀರಾ ಸಣ್ಣದು, ಉಳಿಯುವ ಜೀವ ದೊಡ್ಡದು.

ಎರಡನೆಯದು, ಗುರಿ ಮುಟ್ಟಲು ಇರುವುದರಲ್ಲೇ ಕಡಿಮೆ ಕಠಿಣವಾದ ದಾರಿ. ಮಾಹಿತಿ, ಸೌಲಭ್ಯ, ಪ್ರೋತ್ಸಾಹ, ದಂಡ, ನಿರ್ಬಂಧ ಎಂದು ಮೆಟ್ಟಿಲೇರಿದಂತೆಲ್ಲ ಸಾಬೀತು ಮಾಡುವ ಹೊಣೆ ಸರ್ಕಾರದ ಮೇಲೆ ಹೆಚ್ಚುತ್ತದೆ. ಕ್ಷಯವನ್ನೇ ನೋಡಿ. ಸಾಮಾನ್ಯ ಔಷಧಗಳಿಗೆ ಬಗ್ಗುವ ಕ್ಷಯಕ್ಕೆ ಪ್ರಚಲಿತ ಚಿಕಿತ್ಸೆ 6 ತಿಂಗಳು. ಆದರೆ ಸರಿಯಾದ ಔಷಧ ಶುರುವಾದ ಮೇಲೆ ಸೋಂಕು ಹರಡುವ ಸಾಧ್ಯತೆ ಬೇಗನೆ ಇಳಿಯುತ್ತದೆ. ಆದ್ದರಿಂದ ‘ಚಿಕಿತ್ಸೆ ಮುಗಿಯುವವರೆಗೆ ಕೂಡಿಹಾಕಿ’ ಎನ್ನುವುದಕ್ಕೆ ವೈದ್ಯಕೀಯ ಆಧಾರವೂ ಇಲ್ಲ, ನೈತಿಕ ಆಧಾರವೂ ಇಲ್ಲ. ಮನೆ ಬಾಗಿಲಿಗೆ ಮಾತ್ರೆ, ಪೌಷ್ಟಿಕ ಆಹಾರ, ಓಡಾಟದ ಖರ್ಚು, ಇವೆಲ್ಲ ಕೊಟ್ಟು ನೋಡಿದ ಮೇಲೂ ರೋಗಿ ಪದೇ ಪದೇ ಇತರರನ್ನು ಅಪಾಯಕ್ಕೆ ಒಡ್ಡುತ್ತಿದ್ದರೆ ಮಾತ್ರ ಒತ್ತಾಯದ ಪ್ರತ್ಯೇಕವಾಸ. ಆಗಲೂ ಬಲವಂತವಾಗಿ ಔಷಧ ನುಂಗಿಸುವಂತಿಲ್ಲ.

ಕ್ವಾರಂಟೈನ್ ಇನ್ನೂ ಸೂಕ್ಷ್ಮ. ಐಸೋಲೇಷನ್‌ನಲ್ಲಿ ಇರುವವರು ರೋಗಿಗಳೆಂದು ಗೊತ್ತಿರುತ್ತದೆ. ಕ್ವಾರಂಟೈನ್ ಆದವರು ರೋಗಿಯ ಸಂಪರ್ಕಕ್ಕೆ ಬಂದವರಷ್ಟೇ, ಅವರಲ್ಲಿ ಅನೇಕರಿಗೆ ಸೋಂಕೇ ಇರುವುದಿಲ್ಲ. ಅವಧಿಯನ್ನು ರೋಗದ ಗರಿಷ್ಠ ಕಾವುಕಾಲದಿಂದ, ಅಂದರೆ ಸೋಂಕು ತಗಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಹಿಡಿಯಬಹುದಾದ ಅತಿ ಹೆಚ್ಚು ದಿನಗಳಿಂದ, ಲೆಕ್ಕ ಹಾಕಬೇಕು: ಎಬೋಲಾಗೆ 21 ದಿನ, ಅದೂ ಕೊನೆಯ ಸಂಪರ್ಕದ ದಿನದಿಂದ, ಆದೇಶ ಕೈಸೇರಿದ ದಿನದಿಂದಲ್ಲ. ಹತ್ತು ಜನರನ್ನು ಒಂದೇ ಹಾಲ್‌ನಲ್ಲಿ ಇಟ್ಟರೆ ಒಬ್ಬರಿಗೆ ರೋಗ ಬಂದಾಗ ಉಳಿದ ಒಂಬತ್ತು ಜನರ ಎಣಿಕೆ ಮತ್ತೆ ಮೊದಲಿನಿಂದ ಶುರು. ಸರ್ಕಾರದ ಅಗ್ಗದ ಏರ್ಪಾಡಿಗೆ ಬೆಲೆ ತೆರುವವರು ಅವರು.

ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದನ್ನೂ ಗಮನಿಸಿ. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪ್ಲೇಗ್ ಹೆಸರಿನಲ್ಲಿ ಚೈನಾಟೌನ್ ಸುತ್ತ ಹಾಕಿದ ದಿಗ್ಬಂಧನ ಚೀನೀಯರಲ್ಲದವರ ಕಟ್ಟಡಗಳನ್ನು ಮಾತ್ರ ಹೊರಗೆ ಬಿಟ್ಟಿತ್ತು. ಕೋರ್ಟು ಅದನ್ನು ತಾರತಮ್ಯವೆಂದು ರದ್ದು ಮಾಡಿತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು, ಮತ್ತು ಹೆಚ್ಚಾಗಿ ಮರೆತುಹೋಗುವುದು, ಕಿತ್ತುಕೊಂಡದ್ದಕ್ಕೆ ಪ್ರತಿಯಾಗಿ ಏನು ಕೊಟ್ಟಿರಿ ಎಂಬ ಪ್ರಶ್ನೆ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್‌ಗೆ ಟೈಫಾಯ್ಡ್‌ನ ಯಾವ ಲಕ್ಷಣವೂ ಇರಲಿಲ್ಲ, ಆದರೆ ಮಲಪರೀಕ್ಷೆಯಲ್ಲಿ ರೋಗಾಣು ಸಿಗುತ್ತಿತ್ತು. 1907ರಲ್ಲಿ ಹಿಡಿದು ದ್ವೀಪವೊಂದರಲ್ಲಿ ಇಟ್ಟರು. 1910ರಲ್ಲಿ, ಇನ್ನು ಅಡುಗೆ ಮಾಡುವುದಿಲ್ಲ ಎಂಬ ಮಾತು ಪಡೆದು ಬಿಟ್ಟರು. ಅಡುಗೆಯ ಸಂಬಳ ಬಟ್ಟೆ ಒಗೆಯುವುದರಲ್ಲಿ ಹುಟ್ಟಲಿಲ್ಲ. ಹೆಸರು ಬದಲಿಸಿಕೊಂಡು ಹೆರಿಗೆ ಆಸ್ಪತ್ರೆಯೊಂದರ ಅಡುಗೆಮನೆ ಸೇರಿದರು. 1915ರಲ್ಲಿ ಅಲ್ಲಿ 25 ಮಂದಿ ಟೈಫಾಯ್ಡ್‌ಗೆ ಬಿದ್ದರು, ಇಬ್ಬರು ತೀರಿಕೊಂಡರು. ಮೇರಿಯನ್ನು ಮತ್ತೆ ಹಿಡಿದು ದ್ವೀಪಕ್ಕೆ ಕಳಿಸಿದರು, 1938ರಲ್ಲಿ ಸಾಯುವವರೆಗೂ ಅಲ್ಲೇ ಉಳಿದರು. ಮಾತು ಮುರಿದದ್ದು ತಪ್ಪೇ. ಆದರೆ ಬದುಕಲು ಸಾಕಾಗುವ ಬೇರೆ ಕೆಲಸ ಕೊಟ್ಟು, ನಿಯಮಿತವಾಗಿ ನಿಗಾ ಇಟ್ಟಿದ್ದರೆ ಅದು ಆ ಸೆರೆವಾಸಕ್ಕಿಂತ ಮಾನವೀಯವೂ ಆಗುತ್ತಿತ್ತು, ಸುರಕ್ಷಿತವೂ ಆಗುತ್ತಿತ್ತು.

ನೂರು ವರ್ಷದ ಮೇಲೂ ಅದೇ ತಪ್ಪು. 2014ರ ಆಗಸ್ಟ್‌ನಲ್ಲಿ ಲೈಬೀರಿಯಾದ ರಾಜಧಾನಿ ಮನ್ರೋವಿಯಾದ ವೆಸ್ಟ್ ಪಾಯಿಂಟ್ ಬಡಾವಣೆಯನ್ನು ಎಬೋಲಾ ಕಾರಣಕ್ಕೆ ಏಕಾಏಕಿ ಮುಚ್ಚಿದರು. ಒಳಗೆ ಹತ್ತಾರು ಸಾವಿರ ಜನ, ಆಹಾರದ ಬೆಲೆ ಏರಿತು, ಘರ್ಷಣೆಯಲ್ಲಿ ಗುಂಡು ಹಾರಿ ಹದಿಹರೆಯದ ಹುಡುಗನೊಬ್ಬ ಸತ್ತ. ಸುಮಾರು ಹತ್ತು ದಿನದಲ್ಲಿ ದಿಗ್ಬಂಧನ ತೆಗೆಯಬೇಕಾಯಿತು. ಲಕ್ಷಣ ಕಾಣಿಸಿಕೊಂಡವರ ದೇಹದ್ರವಗಳಿಂದ ಹರಡುವ ರೋಗಕ್ಕೆ ಬೇಕಿದ್ದದ್ದು ಸಂಪರ್ಕಿತರ ಪತ್ತೆ, ದಿನಕ್ಕೊಮ್ಮೆ ಜ್ವರ ಪರೀಕ್ಷೆ, ಜನರ ವಿಶ್ವಾಸ. ಬಂದೂಕು ಕಂಡ ಜನ ರೋಗಿಯನ್ನು ಮುಚ್ಚಿಡುತ್ತಾರೆ, ಆಗ ಪತ್ತೆಯ ಕೆಲಸವೇ ಕುಸಿಯುತ್ತದೆ.

ಇಂಥ ಆದೇಶ ನಿಮ್ಮ ಕೈಗೆ ಬಂದರೆ ಇಷ್ಟನ್ನು ಹುಡುಕಿ: ಬರಹದಲ್ಲಿ ಕಾರಣ ಕೊಟ್ಟಿದ್ದಾರೆಯೇ, ಮುಗಿಯುವ ದಿನಾಂಕ ಇದೆಯೇ, ಊಟ, ಕಾಯಂ ಔಷಧ ಮತ್ತು ಆ ದಿನಗಳ ಕೂಲಿಗೆ ಯಾರು ಹೊಣೆ, ಕೆಲಸ ಹೋಗದಂತೆ ರಕ್ಷಣೆ ಇದೆಯೇ, ಆದೇಶ ಹೊರಡಿಸಿದ ಅಧಿಕಾರಿಯಲ್ಲದ ಬೇರೊಬ್ಬರ ಮುಂದೆ ಮೇಲ್ಮನವಿ ಸಲ್ಲಿಸಬಹುದೇ. ಮೇಲ್ಮನವಿಯ ವಿಚಾರಣೆ ಕ್ವಾರಂಟೈನ್ ಮುಗಿಯುವ ಮೊದಲೇ ನಡೆಯಬೇಕು. 14 ದಿನದ ಆದೇಶದ ಮೇಲಿನ ಅರ್ಜಿಯನ್ನು 30ನೇ ದಿನ ಕೈಗೆತ್ತಿಕೊಂಡರೆ ಅರ್ಜಿ ಹಾಕುವ ಹಕ್ಕು ಕೊಟ್ಟಂತೆಯೇ ಅಲ್ಲ.